ಚಾವಡಿಗೊಂದು ಹಾಡುಪೆಟ್ಟಿಗೆ: ರಾಸ್ಪ್‌ಬೆರಿ ಪೈ, ಡಿಎಸಿ ಹಲಗೆ ಮತ್ತು ಬದಿಯಡ್ಕದ ಕರೆಂಟು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ ಇರುವ ನಮ್ಮ ಮನೆಯ ಅಟ್ಟದಲ್ಲಿ ಅಪ್ಪ ಕೂಡಿಸಿಟ್ಟಿದ್ದ ನೂರಾ ಎಂಬತ್ತು ಕ್ಯಾಸೆಟ್ಟುಗಳಿದ್ದುವು. ಹೆಚ್ಚಿನವು ತಾಳಮದ್ದಳೆ, ದೇವಸ್ಥಾನದ ಅಂಗಣದಲ್ಲೋ, ಯಾರದೋ ಮನೆಯ ಪೂಜೆಯ ರಾತ್ರಿಯಲ್ಲೋ ಮೈಕಿನ ಬಳಿ ಟೇಪ್ ರೆಕಾರ್ಡರ್ ಇಟ್ಟು ಅವರೇ ಹಿಡಿದು ತಂದವು. ಕಳೆದ ಎರಡು ಮಳೆಗಾಲಗಳಲ್ಲಿ ಅವುಗಳಲ್ಲಿ ಹಲವಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಎಲ್ಲವನ್ನೂ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಮುಗಿಸಿದ ಮೇಲೆ ಎದ್ದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಈ ಧ್ವನಿಮುದ್ರಿಕೆಗಳನ್ನೂ ಆಕಾಶವಾಣಿಯನ್ನೂ ಚಾವಡಿಯ ಹಳೆಯ ಆಂಪ್ಲಿಫೈಯರಿನಲ್ಲಿ, ಕಂಪ್ಯೂಟರ್ ತೆರೆಯದೆ, ಮೊಬೈಲ್ ಹುಡುಕದೆ, ಎಪ್ಪತ್ತೆರಡು ವರ್ಷದ ಅಮ್ಮ ತಾನಾಗಿಯೇ ಹಾಕಿಕೊಂಡು ಕೇಳುವಂತೆ ಮಾಡುವುದು ಹೇಗೆ, ಮತ್ತು ಅದಕ್ಕೆ ಎಷ್ಟು ಹಣ ಬೇಕು?

ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಗಳನ್ನು ನಾನು ಮೊದಲೇ ತಳ್ಳಿಹಾಕಿರಲಿಲ್ಲ. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಅಂಗೈಯಗಲದ ಬಿಲ್ಲೆ ಈ ಕೆಲಸಕ್ಕೆ ಚೆನ್ನಾಗಿಯೇ ಇತ್ತು. 2019ರ ಆರಂಭದಲ್ಲಿ ಅದರ ತಯಾರಿಕೆ ನಿಂತುಹೋಯಿತು. ಆ ಜಾಗದಲ್ಲಿ ಇಂದು ವೀಮ್ ಮಿನಿಯಂತಹ ಪುಟ್ಟ ಸ್ಟ್ರೀಮರುಗಳಿವೆ, ಅಂದರೆ ಜಾಲದ ಮೂಲಕ ಬರುವ ಹಾಡನ್ನು ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆಗಳು. ತಿಂಗಳ ಚಂದಾ ಕಟ್ಟಿ ಹಾಡು ಕೇಳುವವರಿಗೆ, ಮನೆಯವರೆಲ್ಲರೂ ಮೊಬೈಲ್ ಬಳಸುವವರಾದರೆ, ಅದನ್ನೇ ಕೊಳ್ಳಿ ಎಂದು ನಾನು ಇಂದಿಗೂ ಹೇಳುತ್ತೇನೆ. ನಮಗೆ ಬೇಕಾದದ್ದು ಬೇರೆ. ಹಾಡುಗಳಿರುವ ಪೆನ್‌ಡ್ರೈವನ್ನು ಅದಕ್ಕೆ ನೇರವಾಗಿ ಚುಚ್ಚಲು ಬರುವುದಿಲ್ಲ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಸದಾ ಓಡುತ್ತ ಹಾಡುಗಳನ್ನು ಒದಗಿಸುತ್ತಿರಬೇಕಾಗುತ್ತದೆ. ಹಳೆಯ ಮೊಬೈಲನ್ನೇ ಆಂಪ್ಲಿಫೈಯರಿಗೆ ಸಿಕ್ಕಿಸುವ ಉಪಾಯವನ್ನೂ ಒಂದು ವರ್ಷ ಮಾಡಿ ನೋಡಿದ್ದೆ. ಹಗಲಿರುಳು ಚಾರ್ಜಿಗೆ ಹಾಕಿಟ್ಟ ಆ ಮೊಬೈಲಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದುಬಂದ ದಿನ ಆ ಪ್ರಯೋಗವನ್ನು ನಿಲ್ಲಿಸಿದೆ.

ಕೊನೆಗೆ ತೀರ್ಮಾನಕ್ಕೆ ಆಧಾರವಾದದ್ದು ಧ್ವನಿಯ ಗುಣಮಟ್ಟವಲ್ಲ, ಸಿಡಿಲು. ನಮ್ಮ ಕಡೆ ಯಾವ ಎಲೆಕ್ಟ್ರಾನಿಕ್ ಸಾಧನವನ್ನು ತಂದರೂ ಅದು ಎಂದಾದರೊಂದು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗುಮಳೆಗೆ ಸಿಕ್ಕಿಯೇ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ತರಬೇಕು. ಸಿದ್ಧ ಪೆಟ್ಟಿಗೆ ಸುಟ್ಟರೆ ಇಡಿಯಾಗಿ ಹೋಯಿತು. ಬಿಡಿ ಭಾಗಗಳನ್ನು ತಂದು ಜೋಡಿಸಿದ್ದಾದರೆ ಸುಟ್ಟ ಭಾಗವನ್ನಷ್ಟೇ ಬದಲಿಸಿ ಉಳಿದದ್ದನ್ನು ಮತ್ತೆ ಬಳಸಬಹುದು. ಈ ಒಂದು ಕಾರಣಕ್ಕೆ ನಾನು ಪುಟ್ಟ ಕಂಪ್ಯೂಟರ್ ಹಲಗೆಯಾದ ರಾಸ್ಪ್‌ಬೆರಿ ಪೈಯ ದಾರಿಯನ್ನು ಹಿಡಿದೆ.

ಪೈ 3ಬಿ ಮಾದರಿ 2016ರಲ್ಲಿ ಬಂದದ್ದು. ಒಂದು ಜಿಬಿ ಮೆಮೊರಿ ಇರುವ ಇದು ಹಾಡು ನುಡಿಸುವ ಕೆಲಸಕ್ಕೆ ಧಾರಾಳವಾಯಿತು, ಹೊಸ ಮಾದರಿಗಳ ಅಗತ್ಯವೇ ಇಲ್ಲ. ಬಳಸಿದ ಪೈ ನನಗೆ 1800 ರೂಪಾಯಿಗೆ ಸಿಕ್ಕಿತು. ಅಂಕಿಗಳ ರೂಪದ ಧ್ವನಿಯನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಡಿಎಸಿ ಹಲಗೆಗೆ 350, ಮೆಮೊರಿ ಕಾರ್ಡಿಗೆ 350, ಕರೆಂಟು ಒದಗಿಸುವ ಐದು ವೋಲ್ಟಿನ ಎಸ್‌ಎಂಪಿಎಸ್‌ಗೆ 450, ಬಟನ್ನು, ತಿರುಗುವ ಗುಂಡಿ, ವಯರು ಮುಂತಾದ ಚಿಲ್ಲರೆಗೆ 300, ಒಟ್ಟು 3250 ರೂಪಾಯಿ ಖರ್ಚಾಯಿತು. ಪೆಟ್ಟಿಗೆಗೆ ಹಣ ಕೊಡಬೇಕಾಗಲಿಲ್ಲ; ಅಜ್ಜನ ಕಾಲದ ವಾಲ್ವ್ ರೇಡಿಯೋದ ಹಲಸಿನ ಮರದ ಖಾಲಿ ಗೂಡು ಅಟ್ಟದಲ್ಲೇ ಇತ್ತು.

ಪೈಯಲ್ಲಿಯೇ ಇಯರ್‌ಫೋನ್ ಚುಚ್ಚುವ ತೂತು ಇರುವಾಗ ಬೇರೆ ಡಿಎಸಿ ಯಾಕೆ ಎಂದು ಕೇಳುವವರಿದ್ದಾರೆ. ಆ ತೂತಿನ ಹಿಂದೆ ನಿಜವಾದ ಡಿಎಸಿ ಇಲ್ಲ. ಪ್ರೊಸೆಸರ್ ಹೊರಡಿಸುವ ವೇಗದ ಸ್ಪಂದನಗಳನ್ನೇ ಸೋಸಿ ಧ್ವನಿಯಾಗಿ ಹೊರಗೆ ಬಿಡುತ್ತಾರೆ. ಭಾಗವತರು ಪದ ಮುಗಿಸಿ ಅರ್ಥಧಾರಿ ಮಾತು ತೆಗೆಯುವ ಮುಂಚಿನ ಮೌನದಲ್ಲಿ ಆ ತೂತಿನಿಂದ ಬರುವ ಸೊರಸೊರ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ 5102ಎ ಎಂಬ ಚಿಪ್ ಕೂರಿಸಿದ ಹಲಗೆ ಸಿಗುವುದು ಅಗ್ಗಕ್ಕೇ ಆದರೂ ಆ ಚಿಪ್ಪಿನ ಡೈನಮಿಕ್ ರೇಂಜ್ (ಅತಿ ಮೆಲ್ಲಗಿನ ಮತ್ತು ಅತಿ ಜೋರಿನ ಸದ್ದಿನ ನಡುವಿನ ಅಂತರ) 112 ಡೆಸಿಬೆಲ್, ಅದು 384 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ತೆಗೆದುಕೊಳ್ಳಬಲ್ಲದು. ಸಿಡಿಗೆ ಬೇಕಾದದ್ದು 44.1 ಕಿಲೋಹರ್ಟ್ಸ್ ಮತ್ತು 16 ಬಿಟ್ ಮಾತ್ರ ಎಂಬುದನ್ನು ನೆನೆದರೆ, ಇದಕ್ಕಿಂತ ಹತ್ತು ಪಟ್ಟು ಬೆಲೆಯ ಡಿಎಸಿಗೆ ಹಣ ಸುರಿಯುವ ಬದಲು ಸ್ಪೀಕರುಗಳನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದು ಕೂರಿಸುವುದೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡಿಎಸಿಯನ್ನು ಪೈಗೆ ಜೋಡಿಸುವುದಕ್ಕೆ ಐದೇ ವಯರು ಸಾಕು. ಪೈಯ 2ನೇ ಪಿನ್ನಿನಿಂದ ಐದು ವೋಲ್ಟ್, 6ನೇ ಪಿನ್ನಿನಿಂದ ಗ್ರೌಂಡ್. ಧ್ವನಿಯ ಐ-ಟು-ಎಸ್ ಸಂಕೇತಗಳಲ್ಲಿ ಬಿಟ್ ಕ್ಲಾಕ್ 12ನೇ ಪಿನ್ನಿನಿಂದ, ಎಡ-ಬಲ ಕ್ಲಾಕ್ 35ರಿಂದ, ದತ್ತಾಂಶ 40ರಿಂದ. ಈ ಮೂರು ವಯರುಗಳು ಒಂದು ಗೇಣನ್ನು ಮೀರದಂತೆ ನೋಡಿಕೊಳ್ಳಬೇಕು. ಎಲ್ಲವನ್ನೂ ಬೆಸೆದು, ಪರದೆಯಲ್ಲಿ ಹಾಡು ಓಡುತ್ತಿರುವುದನ್ನು ಕಂಡರೂ ಸ್ಪೀಕರಿನಿಂದ ಒಂದು ಚೂರೂ ಸದ್ದು ಬರಲಿಲ್ಲ. ಒಂದು ಸಂಜೆಯಿಡೀ ಪೈಯ ವ್ಯವಸ್ಥೆಯಲ್ಲಿಯೇ ತಪ್ಪು ಹುಡುಕಿದೆ. ಮಾರನೆಯ ದಿನ ಹಲಗೆಯನ್ನು ಮಗುಚಿ, ಅಡಿಕೆ ವ್ಯಾಪಾರದ ಭಾವ ಬಿಟ್ಟುಹೋಗಿದ್ದ ಭೂತಕನ್ನಡಿಯಲ್ಲಿ ನೋಡಿದಾಗ ಕಾರಣ ಕಂಡಿತು. ಹಲಗೆಯ ಬೆನ್ನಿನಲ್ಲಿ ನಾಲ್ಕು ಜೊತೆ ಪುಟ್ಟ ತವರದ ಚುಕ್ಕೆಗಳಿವೆ. ಪ್ರತಿಯೊಂದರ ಒಂದು ಬದಿ ಎಚ್, ಇನ್ನೊಂದು ಬದಿ ಎಲ್. ನನ್ನ ಹಲಗೆಯಲ್ಲಿ ಯಾವುದನ್ನೂ ಬೆಸೆದಿರಲಿಲ್ಲ. ಮೂರನೆಯ ಜೊತೆ ಚಿಪ್ಪಿನ ಮ್ಯೂಟ್ ಕಾಲಿಗೆ ಸೇರಿದ್ದು, ಅದಕ್ಕೆ 3.3 ವೋಲ್ಟ್ ಸಿಗದಿದ್ದರೆ ಚಿಪ್ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಒಂದು, ಎರಡು, ನಾಲ್ಕನೆಯದನ್ನು ಎಲ್ ಬದಿಗೂ ಮೂರನೆಯದನ್ನು ಎಚ್ ಬದಿಗೂ ಬೆಸೆದು, ಎದುರು ಭಾಗದ ಎಸ್‌ಸಿಕೆ ಚುಕ್ಕೆಯನ್ನು ಗ್ರೌಂಡಿಗೆ ಸೇರಿಸಿದೆ. ಹೀಗೆ ಸೇರಿಸಿದರೆ ತನಗೆ ಬೇಕಾದ ಮುಖ್ಯ ಕ್ಲಾಕನ್ನು ಚಿಪ್ ತಾನೇ ತಯಾರಿಸಿಕೊಳ್ಳುತ್ತದೆ. ಬೆಸುಗೆಯ ಕಡ್ಡಿ ಆರುವ ಮೊದಲೇ ಚೆಂಡೆಯ ಪೆಟ್ಟು ಕೇಳಿಸಿತು. ಈ ಹಲಗೆ ಕೊಳ್ಳುವವರು ಪೈಗೆ ಜೋಡಿಸುವ ಮೊದಲು ಬೆನ್ನು ತಿರುಗಿಸಿ ನೋಡಬೇಕೆಂದು ವಿನಂತಿಸುತ್ತೇನೆ.

ಎರಡನೆಯ ತೊಂದರೆ ವೋಲ್ಟೇಜಿನದು. ಮೊಬೈಲ್ ಚಾರ್ಜರಿಗೆ ಎರಡು ಮೀಟರಿನ ತೆಳು ಕೇಬಲ್ ಹಾಕಿ ಓಡಿಸಿದಾಗ ಪೈ ಕಾರಣವಿಲ್ಲದೆ ಮತ್ತೆ ಮತ್ತೆ ಆರಂಭವಾಗುತ್ತಿತ್ತು. ಹಾಡು ಓಡುತ್ತಿರುವಾಗಲೇ 2 ಮತ್ತು 6ನೇ ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರೆ ಸಿಕ್ಕಿದ್ದು 4.55 ವೋಲ್ಟ್, ಸುಮಾರು 4.63ಕ್ಕಿಂತ ಕೆಳಗಿಳಿದರೆ ಪೈ ತಾನೇ ಎಚ್ಚರಿಕೆ ಕೊಡುತ್ತದೆ. ಕಬ್ಬಿಣದ ಗೂಡಿನ ಎಸ್‌ಎಂಪಿಎಸ್ ತಂದು, ಅದರ ಪಕ್ಕದ ಪುಟ್ಟ ತಿರುಪನ್ನು ತಿರುಗಿಸಿ 5.1ಕ್ಕೆ ನಿಲ್ಲಿಸಿ, ದಪ್ಪ ವಯರಿಗೆ ಮೈಕ್ರೋ ಯುಎಸ್‌ಬಿ ತಲೆ ಬೆಸೆದ ಮೇಲೆ ಆ ತೊಂದರೆ ಮುಗಿಯಿತು. ನೇರವಾಗಿ ಪಿನ್ನುಗಳಿಗೇ ಕರೆಂಟು ಕೊಡಬಹುದಿತ್ತು. ಹಾಗೆ ಮಾಡಿದರೆ ಹಲಗೆಯ ಮೇಲಿರುವ ಫ್ಯೂಸಿನ ರಕ್ಷಣೆ ತಪ್ಪಿಹೋಗುತ್ತದೆ ಎಂಬ ಕಾರಣಕ್ಕೆ ಬಿಟ್ಟೆ.

ಪೈಗೆ ಯಾವ ತಂತ್ರಾಂಶ ವ್ಯವಸ್ಥೆಯನ್ನು ಹಾಕುವುದು ಎಂಬುದನ್ನೂ ಕರೆಂಟೇ ನಿರ್ಧರಿಸಿತು. ವೊಲ್ಯುಮಿಯೋ, ಮೂಡ್ ಆಡಿಯೋ ಎರಡೂ ಒಳ್ಳೆಯವು, ನೋಡಲೂ ಅಂದ. ಆದರೆ ಮೊದಲ ತಿಂಗಳು ಬಳಸಿದ ಸಾಮಾನ್ಯ ಲಿನಕ್ಸ್ ವ್ಯವಸ್ಥೆಯ ಕಾರ್ಡು, ಕರೆಂಟು ದಿಢೀರೆಂದು ಹೋಗುವ ಆಟ ಮೂರು ಬಾರಿ ಆದಾಗ ಓದಲಾಗದಂತೆ ಕೆಟ್ಟಿತು. ಇನ್ವರ್ಟರ್ ಇದ್ದರೂ ಅದು ಕೈ ಬದಲಿಸುವ ಕ್ಷಣದಲ್ಲಿ ಪೈ ಒಮ್ಮೆ ಸತ್ತು ಹುಟ್ಟುತ್ತದೆ. ಆ ಕ್ಷಣದಲ್ಲಿ ಕಾರ್ಡಿಗೆ ಏನಾದರೂ ಬರೆಯುತ್ತಿದ್ದರೆ ಬರಹ ಅರ್ಧಕ್ಕೆ ತುಂಡಾಗುತ್ತದೆ. ಪೈಕೋರ್‌ಪ್ಲೇಯರ್ ಎಂಬ ವ್ಯವಸ್ಥೆ ಹಾಗಲ್ಲ. ಟೈನಿ ಕೋರ್ ಲಿನಕ್ಸಿನ ಮೇಲೆ ಕಟ್ಟಿದ ಇದು ಆರಂಭದಲ್ಲಿ ಪೂರ್ತಿಯಾಗಿ ಮೆಮೊರಿಗೆ ಏರಿಬಿಡುತ್ತದೆ. ಆ ಮೇಲೆ ನಾವಾಗಿ ಉಳಿಸು ಎಂದು ಹೇಳುವ ತನಕ ತನ್ನ ಸ್ವಂತ ಕೆಲಸಕ್ಕೆ ಕಾರ್ಡನ್ನು ಮುಟ್ಟುವುದಿಲ್ಲ. ಅದರೊಳಗೇ ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಗ್ರಂಥಾಲಯ ಕೂರುತ್ತದೆ. ಹಿಂದೆ ಲಾಜಿಟೆಕ್ ಕಂಪೆನಿಯ ಸ್ಕ್ವೀಜ್‌ಬಾಕ್ಸ್‌ಗಳಿಗಾಗಿ ಇದ್ದ ಸರ್ವರಿನ ಇಂದಿನ ಹೆಸರು ಅದು. ಕಂಪೆನಿ ಆ ಪೆಟ್ಟಿಗೆಗಳನ್ನು ನಿಲ್ಲಿಸಿದ ಮೇಲೂ ಬಳಕೆದಾರರೇ ಸರ್ವರನ್ನು ಇಷ್ಟು ವರ್ಷ ಜೀವಂತವಾಗಿ ಇಟ್ಟಿರುವುದು ನನಗೆ ಅದರ ಮೇಲೆ ಭರವಸೆ ಮೂಡಿಸಿದ ಇನ್ನೊಂದು ಸಂಗತಿ. ಸರ್ವರ್ ತನ್ನ ಸೂಚಿಯನ್ನು ಕಾರ್ಡಿಗೇ ಬರೆಯುತ್ತದೆ. ಆದ್ದರಿಂದ ಹೊಸ ಹಾಡು ಸೇರಿಸಿ ಹುಡುಕಾಟಕ್ಕೆ ಬಿಡುವಾಗ ಆಕಾಶ ನೋಡಿ ಬಿಡುತ್ತೇನೆ.

ಇನ್ನು ಗುಂಯ್‌ಗುಡುವಿಕೆಯ ವಿಷಯಕ್ಕೆ ಬರುತ್ತೇನೆ. ನನ್ನ ಹೆಚ್ಚಿನ ಸಮಯವನ್ನು ತಿಂದದ್ದೂ ನಾನು ಹೆಚ್ಚು ಕಲಿತದ್ದೂ ಇದರಲ್ಲಿ.

ಪೆಟ್ಟಿಗೆ ಸಿದ್ಧವಾದದ್ದು ಆಗಸ್ಟಿನಲ್ಲಿ. ಆಗ ಸ್ಪೀಕರಿಗೆ ಕಿವಿ ಇಟ್ಟರೂ ಮೌನವಿತ್ತು. ಮಾರ್ಚ್ ಬರುತ್ತಿದ್ದಂತೆ ಹಿನ್ನೆಲೆಯಲ್ಲಿ ಗುಂಯ್ ಎಂಬ ತಗ್ಗಿನ ಸದ್ದು ಶುರುವಾಗಿ, ತೋಟದ ಪಂಪು ಓಡುವಾಗ ಇನ್ನಷ್ಟು ಬಲವಾಗುತ್ತಿತ್ತು. ಡಿಎಸಿಯಿಂದ ಆಂಪ್ಲಿಫೈಯರಿಗೆ ಹೋಗುವ ಆರ್‌ಸಿಎ ಕೇಬಲ್ ಕಿತ್ತರೆ ಸದ್ದಿಲ್ಲ. ಪೈಯನ್ನು ಎಸ್‌ಎಂಪಿಎಸ್‌ನಿಂದ ಬಿಡಿಸಿ ಪವರ್ ಬ್ಯಾಂಕಿನಲ್ಲಿ ಓಡಿಸಿದರೂ ಸದ್ದಿಲ್ಲ. ಎಂದಮೇಲೆ ದೋಷ ಡಿಎಸಿಯದಲ್ಲ, ಆಂಪ್ಲಿಫೈಯರಿನದೂ ಅಲ್ಲ, ಎರಡರ ನಡುವಿನ ದಾರಿಯದು. ನಮ್ಮ ಮನೆಗೆ ಎರಡು ಅರ್ಥಿಂಗ್ ಗುಂಡಿಗಳಿವೆ: ಹಳೆಯ ಚಾವಡಿಯ ವಯರಿಂಗಿಗೆ ಒಂದು, ಹಿಂಬದಿಗೆ ಹೊಸದಾಗಿ ಕಟ್ಟಿದ ಕೋಣೆಗಳಿಗೆ ಇನ್ನೊಂದು. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗು ಹಳೆಯ ಸಾಲಿನಲ್ಲಿ ಇತ್ತು. ಪೈಯ ಎಸ್‌ಎಂಪಿಎಸ್‌ಗೆ ಇನ್ವರ್ಟರ್ ಬೇಕೆಂದು ಹೊಸ ಸಾಲಿನಿಂದ ಕರೆಂಟು ಎಳೆದಿದ್ದೆ. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಸುರಕ್ಷತೆಗೆ ಒಳ್ಳೆಯದೆಂದು ಎಣಿಸಿ ಎಸ್‌ಎಂಪಿಎಸ್‌ನ ಮೈನಸ್ಸನ್ನು ಅದರ ಅರ್ಥ್ ತಿರುಪಿಗೆ ಒಂದು ತುಂಡು ವಯರಿನಿಂದ ಸೇರಿಸಿಬಿಟ್ಟಿದ್ದೆ. ಹೀಗಾಗಿ ಎರಡು ಗುಂಡಿಗಳ ನಡುವಿನ ವೋಲ್ಟೇಜಿನ ವ್ಯತ್ಯಾಸವೆಲ್ಲ ಆರ್‌ಸಿಎ ಕೇಬಲಿನ ಹೊರ ಜಾಲರಿಯ ಮೂಲಕ ಹರಿಯುವ ದಾರಿ ತೆರೆದುಕೊಂಡಿತ್ತು.

ಮಳೆಗಾಲದಲ್ಲಿ ಇದು ಯಾಕೆ ಕೇಳಿಸಲಿಲ್ಲ ಎಂಬುದಕ್ಕೆ ನಮ್ಮ ಮಣ್ಣೇ ಉತ್ತರ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಒದ್ದೆಯಿರುವಾಗ ವಿದ್ಯುತ್ತನ್ನು ಸುಲಭವಾಗಿ ಇಳಿಸಿಕೊಳ್ಳುತ್ತದೆ, ಒಣಗಿದರೆ ಅದರ ತಡೆ ಬಹಳವಾಗಿ ಏರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯಬೇಕು ಎಂದು ಹಳೆಯ ವಯರಿಂಗಿನವರು ಹೇಳುತ್ತಿದ್ದದ್ದು ಇದಕ್ಕೇ. ಪಂಪು ಓಡುತ್ತಿರುವಾಗ ಎರಡು ಸಾಲುಗಳ ಅರ್ಥ್ ನಡುವೆ ಮೀಟರ್ ಹಿಡಿದೆ: 1.8 ವೋಲ್ಟ್ ಎಸಿ. ಹಳೆಯ ಗುಂಡಿಗೆ ಆರು ಕೊಡ ನೀರು ಸುರಿದು ಒಂದು ಗಂಟೆ ಬಿಟ್ಟು ಮತ್ತೆ ಅಳೆದರೆ 0.4. ಸದ್ದು ಅರ್ಧಕ್ಕರ್ಧ ಇಳಿದಿತ್ತು. ಪೂರ್ತಿ ಪರಿಹಾರ ಸಿಕ್ಕಿದ್ದು ಮೈನಸ್ಸಿಗೂ ಅರ್ಥಿಗೂ ಹಾಕಿದ್ದ ಆ ತುಂಡು ವಯರನ್ನು ತೆಗೆದು, ಎರಡು ಸಾಧನಗಳನ್ನೂ ಒಂದೇ ಬೋರ್ಡಿನಿಂದ ಓಡಿಸತೊಡಗಿದ ಮೇಲೆ. ಎಸ್‌ಎಂಪಿಎಸ್‌ನ ಕಬ್ಬಿಣದ ಗೂಡಿಗೆ ಅರ್ಥ್ ಇದ್ದಂತೆಯೇ ಇದೆ. ಗುಂಯ್‌ಗುಡುವಿಕೆ ನಿಲ್ಲಿಸಲು ಆಂಪ್ಲಿಫೈಯರಿನ ಅರ್ಥ್ ಪಿನ್ನನ್ನೇ ಮುರಿದು ಹಾಕುವವರನ್ನು ನಾನು ಕಂಡಿದ್ದೇನೆ. ಒಳಗಿನ ಟ್ರಾನ್ಸ್‌ಫಾರ್ಮರ್ ಒಂದು ದಿನ ಸೋರಿದರೆ ಆ ಲೋಹದ ಮೈಯನ್ನು ಮುಟ್ಟಿದವರ ಜೀವಕ್ಕೇ ಅಪಾಯ. ಯಾವ ಸಂಗೀತಕ್ಕೂ ಆ ಬೆಲೆ ಕೊಡಬಾರದು.

ಸದ್ದಿನ ಮಟ್ಟದ ಹೊಂದಾಣಿಕೆ ಸಣ್ಣ ಕೆಲಸ. ಈ ಡಿಎಸಿ ಪೂರ್ತಿ ಜೋರಿನಲ್ಲಿ 2.1 ವೋಲ್ಟ್ ಕೊಡುತ್ತದೆ, ಹಳೆಯ ಆಂಪ್ಲಿಫೈಯರಿಗೆ ಅರ್ಧ ವೋಲ್ಟ್ ಸಾಕು. ವಾಲ್ಯೂಮನ್ನು ಒಂದು ಚೂರು ತಿರುಗಿಸುವಷ್ಟರಲ್ಲಿ ಚಾವಡಿ ತುಂಬಿಹೋಗುತ್ತಿತ್ತು. ಪ್ರತಿ ಚಾನೆಲಿಗೆ ಸಾಲಿನಲ್ಲಿ 10 ಕಿಲೋ ಓಮ್ಸ್, ಗ್ರೌಂಡಿಗೆ 3.3 ಕಿಲೋ ಓಮ್ಸ್ ರೆಸಿಸ್ಟರ್ ಹಾಕಿದ ಮೇಲೆ ವಾಲ್ಯೂಮಿನ ಗುಂಡಿ ಮಧ್ಯದ ತನಕ ನೆಮ್ಮದಿಯಿಂದ ತಿರುಗುತ್ತದೆ.

ಆಗಸ್ಟಿನಲ್ಲಿ ಇದೆಲ್ಲವನ್ನೂ ಮೊಬೈಲಿನಲ್ಲಿ ನಡೆಸಿ ತೋರಿಸಿದಾಗ ಅಮ್ಮ ಪೆಟ್ಟಿಗೆಯನ್ನೇ ನೋಡುತ್ತ "ಇದರಲ್ಲಿ ಎಲ್ಲಿ ಒತ್ತೆಕ್ಕು ಮಗಾ?" ಎಂದು ಕೇಳಿದ್ದರು. ಒತ್ತುವುದಕ್ಕೆ ಆಗ ಏನೂ ಇರಲಿಲ್ಲ. ವಾಲ್ವ್ ರೇಡಿಯೋದ ಎರಡು ತೂತುಗಳು ಹೇಗೂ ಖಾಲಿ ಇದ್ದುವು. ಬಲ ತೂತಿಗೆ ರೋಟರಿ ಎನ್‌ಕೋಡರ್ ಎಂಬ ತಿರುಗುವ ಗುಂಡಿಯನ್ನು ಕೂರಿಸಿ ಅದಕ್ಕೆ ಹಳೆಯ ರೇಡಿಯೋದ ಕಂದು ಗುಬುಟನ್ನೇ ತೊಡಿಸಿದೆ. ಎಡ ತೂತಿಗೆ ಒತ್ತುವ ಬಟನ್ನು. ಎನ್‌ಕೋಡರಿನ ಎರಡು ಕಾಲು ಪೈಯ 16 ಮತ್ತು 18ನೇ ಪಿನ್ನಿಗೆ, ಬಟನ್ನು 22ಕ್ಕೆ, ಎಲ್ಲದರ ಗ್ರೌಂಡು 20ಕ್ಕೆ. ಡಿಎಸಿ ಬಳಸುವ ಪಿನ್ನುಗಳನ್ನು ಮಾತ್ರ ಮುಟ್ಟಬಾರದು. ಇವನ್ನು ಓದುವ ಪುಟ್ಟ ಪ್ರೋಗ್ರಾಂ ಪೈಕೋರ್‌ಪ್ಲೇಯರಿಗೆ ಸೇರಿಸಿಕೊಳ್ಳುವಂತೆ ಸಿಗುತ್ತದೆ. ಒತ್ತಿದರೆ ಹಾಡು, ಮತ್ತೆ ಒತ್ತಿದರೆ ಮೌನ, ತಿರುಗಿಸಿದರೆ ಜೋರು ಇಲ್ಲವೆ ಮೆತ್ತಗೆ. ಅಮ್ಮನಿಗೆ ಅದನ್ನು ಎರಡನೆಯ ಸಲ ಹೇಳಿಕೊಡಬೇಕಾಗಲಿಲ್ಲ. ಬೆಳಗಿನ ಆಕಾಶವಾಣಿಗೆ ಸರ್ವರಿನ ಅಲಾರಂ ಇಟ್ಟಿದ್ದೇನೆ. ಪೈಯೊಳಗೆ ಬ್ಯಾಟರಿಯ ಗಡಿಯಾರವಿಲ್ಲದ್ದರಿಂದ ಕರೆಂಟು ಹೋಗಿ ಬಂದಾಗ ಅಂತರಜಾಲವೂ ಇಲ್ಲದಿದ್ದರೆ ಅದಕ್ಕೆ ಹೊತ್ತು ತಿಳಿಯುವುದಿಲ್ಲ; ಡಿಎಸ್ 3231 ಎಂಬ ಸಣ್ಣ ಗಡಿಯಾರದ ಹಲಗೆಯನ್ನು ಇನ್ನಷ್ಟೇ ಸೇರಿಸಬೇಕಾಗಿದೆ. ಕರೆಂಟು ಮರಳಿದಾಗ ಹಾಡು ತಾನಾಗಿ ಮುಂದುವರಿಯುವ ಸೌಲಭ್ಯವೂ ಇದೆ. ಅದನ್ನು ಬೇಡವೆಂದು ತೆಗೆದೆ, ನಮ್ಮಲ್ಲಿ ಕರೆಂಟು ಮರಳುವುದು ಹೆಚ್ಚಾಗಿ ನಡುರಾತ್ರಿ.

ಧ್ವನಿಮುದ್ರಿಕೆಗಳ ಬಗ್ಗೆ ಎರಡು ಮಾತು. ಕ್ಯಾಸೆಟ್ಟುಗಳೆಲ್ಲ ಒಂದೇ ಮೈಕಿನವು, ಆದ್ದರಿಂದ ಮೋನೋ (ಒಂದೇ ಚಾನೆಲ್) ಆಗಿಯೇ ಇಳಿಸಿದೆ. 90 ನಿಮಿಷದ ಕ್ಯಾಸೆಟ್ಟಿಗೆ ಸಿಡಿಯ ಮಟ್ಟದಲ್ಲಿ ಸುಮಾರು 476 ಎಂಬಿ ಆಗುತ್ತದೆ, ಫ್ಲ್ಯಾಕ್ ಎಂಬ ಕಡತ ರೂಪಕ್ಕೆ ಅಡಕ ಮಾಡಿದರೆ ಗುಣ ಚೂರೂ ಕುಂದದೆ ಗಾತ್ರ ಗಣನೀಯವಾಗಿ ಇಳಿಯುತ್ತದೆ. ಆಲ್ಬಂ ಎಂಬಲ್ಲಿ ಪ್ರಸಂಗದ ಹೆಸರು, ಕಲಾವಿದ ಎಂಬಲ್ಲಿ ಭಾಗವತರ ಹೆಸರು, ಟಿಪ್ಪಣಿಯಲ್ಲಿ ಅರ್ಥಧಾರಿಗಳು ಮತ್ತು ಸ್ಥಳ ಎಂದು ಕ್ರಮ ಹಾಕಿಕೊಂಡೆ. ಅಪ್ಪ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿಟ್ಟಿದ್ದ ಪಟ್ಟಿಯನ್ನು ಹಾಗೆಯೇ ನಕಲು ಮಾಡಿ ಹಾಕಿದಾಗ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡುವು. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಎಲ್ಲವೂ ಶುದ್ಧ ಕನ್ನಡದಲ್ಲಿ ಬಂತು. ಹಳೆಯ ಪಟ್ಟಿ ಇರುವವರು ಇದನ್ನು ಮೊದಲು ಮಾಡಿಕೊಳ್ಳುವುದು ಒಳ್ಳೆಯದು.

ಎಣಿಸಿದ್ದ ಸಿಡಿಲು ಕಳೆದ ತುಲಾ ತಿಂಗಳಲ್ಲಿ ಬಂದೇ ಬಂತು. ಪ್ಲಗ್ಗುಗಳನ್ನೆಲ್ಲ ಕಿತ್ತಿದ್ದೆ, ರೂಟರಿನಿಂದ ಅಟ್ಟದ ಮೇಲಾಗಿ ಎಳೆದ ಹದಿನೆಂಟು ಮೀಟರಿನ ಲ್ಯಾನ್ ಕೇಬಲನ್ನು ಮರೆತಿದ್ದೆ. ಕೊಟ್ಟಿಗೆಯ ಆಚೆಯ ತೆಂಗಿಗೆ ಸಿಡಿಲು ಹೊಡೆದಾಗ ಆ ಕೇಬಲಿನಲ್ಲೇ ಹುಟ್ಟಿದ ವೋಲ್ಟೇಜ್ ಪೈಯೊಳಗೆ ನುಗ್ಗಿರಬೇಕು. ಪೈ ಆರಂಭವಾಗುತ್ತಿತ್ತು, ಆದರೆ ಲ್ಯಾನೂ ಇಲ್ಲ, ಪೆನ್‌ಡ್ರೈವೂ ಕಾಣಿಸುತ್ತಿಲ್ಲ. 3ಬಿಯಲ್ಲಿ ಲ್ಯಾನ್ ಮತ್ತು ಯುಎಸ್‌ಬಿ ಎರಡನ್ನೂ ನೋಡಿಕೊಳ್ಳುವುದು ಒಂದೇ ಚಿಪ್. ಬಳಸಿದ ಇನ್ನೊಂದು 3ಬಿಯನ್ನು 1700 ರೂಪಾಯಿಗೆ ತರಿಸಿ, ಹಳೆಯದರ ಕಾರ್ಡನ್ನು ಅದಕ್ಕೆ ತುರುಕಿ, ಅದೇ ಡಿಎಸಿ, ಅದೇ ಎಸ್‌ಎಂಪಿಎಸ್, ಅದೇ ಬಟನ್ನು ಜೋಡಿಸಿ ಕರೆಂಟು ಕೊಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಲ್ಯಾನ್ ಕೇಬಲನ್ನು ಪೂರ್ತಿ ತೆಗೆದು ವೈಫೈಗೆ ಬಂದಿದ್ದೇನೆ. ಮುರಕಲ್ಲಿನ ದಪ್ಪ ಗೋಡೆಯನ್ನು ದಾಟಲು ಅದು ತಿಣುಕುತ್ತಿದ್ದುದರಿಂದ ರೂಟರನ್ನು ಚಾವಡಿಯ ಬಾಗಿಲಿಗೆ ನೇರವಾಗಿ ಬರುವ ಹಲಗೆಯ ಮೇಲೆ ಇಟ್ಟಿದ್ದೇನೆ. ಮೋಡ ಕವಿದರೆ ಈಗ ಕೀಳಬೇಕಾದದ್ದು ಎರಡೇ ಪ್ಲಗ್ಗು, ಅದನ್ನು ನನಗಿಂತ ಮೊದಲು ಅಮ್ಮನೇ ಕಿತ್ತಿರುತ್ತಾರೆ.